ಕೆಂಪಣ್ಣ ಹಸಿರಾಗಿ ಬಂದ ಭಾನುವಾರ

ಬಾದಾಮಿ ಕಡೆಯ ಕಂಠೆಪ್ಪನಿಗೆ ಜಪಾನಿ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಎರಡು ಸಾವಿರದ ಇಸವಿಯಿಂದ ನಾಲ್ಕು ವರ್ಷ, ವಾಸ್ಕೋ ಬಂದರಿನ ಬಾಯ್ನಾ ಸಮುದ್ರದಂಡೆಯ ಮೇಲಿದ್ದ ತನ್ನ ತಗಡಿನ ಮನೆಯಲ್ಲಿ, ಪ್ರತಿ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ, ನಲವತ್ತು ಜನಕ್ಕೆ ಒಂದು ಜಪಾನಿ ಧಾರಾವಾಹಿಯ ಅರ್ಥ ಬಿಡಿಸಿ ಹೇಳಿದ. ನಿನಗೆ ಜಪಾನಿ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ.

ವಾರದ ಉಳಿದ ಆರು ದಿನ ಅವನದು ಬಂದರಿನಲ್ಲಿ ಕೂಲಿ. ಅದಿರು ತುಂಬುವ ಬಾರ್ಜು ದೋಣಿಗಳ ಮೇಲೆ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಕಿವಿ ಎಲ್ಲವೂ ಕೆಂಪು. ಅವನ ಹೆಂಡತಿ ಹನುಮವ್ವ ಬಾಗಿಲಲ್ಲೇ ತಂಬಿಗೆ ನೀರು ಕೊಟ್ಟು, ತೊಳೆದುಕೊಂಡ ಮೇಲೆಯೇ ಒಳಗೆ ಬಿಡುತ್ತಿದ್ದಳು. ಅವನ ತಂದೆ ಊರಿನ ಸಣ್ಣಾಟದ ಮೇಳದಲ್ಲಿ ಹೆಣ್ಣು ಪಾತ್ರ ಹಾಕುತ್ತಿದ್ದವರು. ಆ ಗಂಟಲು ಮಗನಿಗೂ ಬಂದಿತ್ತು. ಒಂದೇ ಉಸಿರಿನಲ್ಲಿ ಗಂಡಾಗಿ ಬೈದು ಹೆಣ್ಣಾಗಿ ಅಳಬಲ್ಲವನಾಗಿದ್ದ. ಆದರೆ ಬಾರ್ಜಿನ ಮೇಲೆ ಅದರಿಂದ ಏನುಪಯೋಗ?

ಉಪಯೋಗ ಬಂದದ್ದು ಬಸಣ್ಣನಿಂದ. ಬೆಳಗಾವಿಯಿಂದ ಬಂದು ವಾಸ್ಕೋದಲ್ಲಿ ಅಂಗಡಿ ಹಾಕಿದ್ದ ಬಸಣ್ಣ, ಹಡಗಿನವರು ಬೇಡವೆಂದು ಕೊಟ್ಟ ಹಳೆ ಸಾಮಾನು ಮಾರುತ್ತಿದ್ದ. ಹಗ್ಗ, ಫ್ಯಾನು, ಸ್ಟೀಲಿನ ತಟ್ಟೆ, ಹಾಸಿಗೆ. ಒಮ್ಮೆ ಜಪಾನಿನ ಅದಿರು ಹಡಗಿನಿಂದ ಒಂದು ವಿಸಿಆರ್ ಮತ್ತು ಹನ್ನೊಂದು ಕ್ಯಾಸೆಟ್ ಬಂದವು. ಮೇಲೆ ಬರೆದದ್ದು ಏನೆಂದು ಯಾರಿಗೂ ತಿಳಿಯಲಿಲ್ಲ, ಹಾಗಾಗಿ ಯಾರೂ ಕೊಳ್ಳಲಿಲ್ಲ. ಸಾಮಾನು ಇಳಿಸಲು ಕೈಹಚ್ಚಿದ ಕಂಠೆಪ್ಪನಿಗೆ ಬಸಣ್ಣ ಅದನ್ನು ಹಾಗೇ ಕೊಟ್ಟುಬಿಟ್ಟ.

ಕ್ಯಾಸೆಟ್ ಹಾಕಿದರೆ, ಐದು ಜನ ಮೈಗಂಟಿದ ಉಡುಪು ಹಾಕಿ, ತಲೆಗೆ ಹೆಲ್ಮೆಟ್ ಏರಿಸಿ, ರಬ್ಬರಿನ ರಾಕ್ಷಸರನ್ನು ಬಡಿಯುತ್ತಿದ್ದರು. ಬಡಿದಷ್ಟೂ ರಾಕ್ಷಸ ತೆಂಗಿನ ಮರದೆತ್ತರ ಬೆಳೆಯುತ್ತಿದ್ದ. ಆಗ ಐವರೂ ಅಷ್ಟೇ ಎತ್ತರದ ಕಬ್ಬಿಣದ ಬೊಂಬೆಯೊಳಗೆ ಹೊಕ್ಕು ಅವನನ್ನು ಮುಗಿಸುತ್ತಿದ್ದರು. ಮೊದಲ ಭಾನುವಾರ ಅಕ್ಕಪಕ್ಕದ ಏಳೆಂಟು ಜನ ಸೇರಿದ್ದರು. ಪಕ್ಕದ ಮನೆಯ ಹುಲಿಗೆಮ್ಮ, ಬಂದರಿನ ಗೇಟಿನಲ್ಲಿ ಮಿರ್ಚಿ ಭಜಿ ಮಾರುವವಳು, "ಏನಂತಾನ ಅಂವಾ?" ಎಂದು ಕೇಳಿದಳು. ಕಂಠೆಪ್ಪ ಒಂದು ಗಳಿಗೆಯೂ ತಡವರಿಸದೆ, "ನನ್ನ ಜ್ವಾಳದ ಹೊಲಾ ತುಳದವ್ನ ಹಲ್ಲ ಮುರಿತೇನಿ ಅಂತಾನ," ಎಂದ. ಆಟ ಶುರುವಾದದ್ದು ಹಾಗೆ.

ಅವನ ಟಿವಿ ಕಪ್ಪುಬಿಳುಪಿನದು. ಹಾಗಾಗಿ ಐವರಿಗೂ ಬಣ್ಣ ಹಚ್ಚುವ ಕೆಲಸವೂ ಅವನದೇ ಆಯಿತು. ದೊಡ್ಡ ದನಿಯ ಎತ್ತರದವನು ಕೆಂಪಣ್ಣ, ಐವರ ಮುಖಂಡ. ಒಬ್ಬಳೇ ಹೆಂಗಸು, ಸೇತುವೆಯ ಮೇಲಿಂದ ಜಿಗಿದು ರಾಕ್ಷಸನ ಮೇಲೆ ಬೀಳುವವಳು, ನೀಲವ್ವ. ಇಬ್ಬರಿಗೆ ಅಂಥ ಕೆಲಸವಿರಲಿಲ್ಲ, ಹೆಸರೂ ವಾರವಾರ ಬದಲಾಗುತ್ತಿತ್ತು. ಐದನೆಯವನು ದುಂಡಪ್ಪ. ಇವನು ಪ್ರತಿ ಹೊಡೆದಾಟಕ್ಕೂ ಮುಂಚೆ ಹೆಲ್ಮೆಟ್ಟನ್ನು ಎದೆಗೆ ಹಿಡಿದು, ತಲೆ ತಗ್ಗಿಸಿ, ತುಟಿಯೊಳಗೇ ಏನೋ ಅನ್ನುತ್ತಿದ್ದ. ಕಂಠೆಪ್ಪ ಆಗ ದನಿ ಸಣ್ಣದು ಮಾಡಿ, "ಯವ್ವಾ, ಇದೊಂದ ಸಲ ಮನೀಗೆ ಕಳಸ, ಇನ್ನ ಈ ಕಡೆ ಕಾಲ ಇಡೂದಿಲ್ಲ," ಎನ್ನುತ್ತಿದ್ದ. ನಲವತ್ತು ಜನ ಬಿದ್ದು ಬಿದ್ದು ನಗುತ್ತಿದ್ದರು. ಪುಕ್ಕಲನಾದರೆ ಯಾವಾಗಲೂ ನಟ್ಟನಡುವೆ ಯಾಕೆ ನಿಲ್ಲುತ್ತಾನೆ ಎಂದು ಬಸಣ್ಣನ ಮಗಳು ಭಾವನಾ ಒಮ್ಮೆ ಕೇಳಿದ್ದಳು. ಆಗ ಅವಳಿಗೆ ಹನ್ನೊಂದು ವರ್ಷ. "ಎರಡೂ ಕಡೆ ಮಂದಿ ಇದ್ರ ಅಂವಗ ಧೈರ್ಯ ನೋಡವ್ವಾ," ಎಂದ ಕಂಠೆಪ್ಪ. ಇದು ಸರಿಯಾಗಿಯೇ ಇದೆ ಎಂದು ಎಲ್ಲರಿಗೂ ಅನಿಸಿತು.

ಒಂದು ತೊಡಕು ಮಾತ್ರ ಉಳಿಯಿತು. ಹನ್ನೊಂದನೆಯ ಕ್ಯಾಸೆಟ್ಟು ಕಬ್ಬಿಣದ ಬೊಂಬೆ ಸಮುದ್ರಕ್ಕೆ ಬೀಳುವಲ್ಲಿಗೆ ಮುಗಿಯುತ್ತಿತ್ತು. ಐವರೂ ಅದರೊಳಗಿದ್ದರು. ಮುಂದೇನಾಯಿತು ಎಂದು ಜನ ಎಷ್ಟು ಪೀಡಿಸಿದರೂ ಕಂಠೆಪ್ಪ ಹೇಳಲಿಲ್ಲ. "ಸತ್ರು ಅನ್ನಾಕ ಬಾಯಿ ಬರೂದಿಲ್ಲ. ಬದುಕ್ಯಾರ ಅನ್ನಾಕ ನಾ ನೋಡಿಲ್ಲ," ಎನ್ನುತ್ತಿದ್ದ. ಅಷ್ಟೆಲ್ಲ ಸುಳ್ಳು ಕಟ್ಟಿದವನಿಗೆ ಅಲ್ಲೊಂದು ಕಡೆ ನಾಲಗೆ ಏಳುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಬಾಯ್ನಾದ ಮನೆಗಳನ್ನು ಸರ್ಕಾರದವರು ಕೆಡವಿದರು. ಕಂಠೆಪ್ಪ ಟಿವಿಯನ್ನು ಹೊತ್ತ, ಹನುಮವ್ವ ಪಾತ್ರೆಗಳನ್ನು ಹೊತ್ತಳು. ಕ್ಯಾಸೆಟ್ಟಿನ ಚೀಲ ಮಳೆಯಲ್ಲೇ ಉಳಿಯಿತು. ಗಂಡಹೆಂಡತಿ ಒಳನಾಡಿನ ಕೆಪೆ ಊರಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದರು. ಹುಲಿಗೆಮ್ಮ ಜುವಾರಿನಗರಕ್ಕೆ ಹೋದಳು. ಕೆಲವರು ಕಾಣಕೋಣದ ಹೋಟೆಲುಗಳಲ್ಲಿ ಕೆಲಸ ಹಿಡಿದರು. ಭಾನುವಾರಗಳು ಬೇರೆ ಬೇರೆಯಾದವು.

ಆರು ವರ್ಷ ಕಳೆಯಿತು. ಭಾವನಾ ಓದು ಮುಗಿಸಿ ವಾಸ್ಕೋದಲ್ಲೇ ಹಡಗಿನ ಏಜೆಂಟರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಕಾಗದಕ್ಕೆ ಸಹಿ ಹಾಕಲು ಬಂದ ಫಿಲಿಪೈನ್ಸಿನ ನಾವಿಕನೊಬ್ಬ ಮೇಜಿನ ಮೇಲೆ ಬೀಗದ ಕೈ ಇಟ್ಟ. ಅದರ ಗೊಂಚಲಿಗೆ ಆ ಐವರದೇ ಆಕಾರದ ಒಂದು ಪುಟ್ಟ ಹೆಲ್ಮೆಟ್ ಜೋತುಬಿದ್ದಿತ್ತು. ಭಾವನಾ ಸಹಿಯನ್ನು ಮರೆತು, ಇದೇನೆಂದು ಕೇಳಿದಳು. ತಮ್ಮ ದೇಶದ ಟಿವಿಯಲ್ಲಿ ಚಿಕ್ಕಂದಿನಲ್ಲಿ ನೋಡಿದ ಧಾರಾವಾಹಿ, ಅದಕ್ಕೆ ಈ ವರ್ಷ ಇಪ್ಪತ್ತೈದು ತುಂಬಿತು, ಜಪಾನಿನವರು ಹಳೆಯ ಐವರನ್ನೂ ಕರೆಸಿ ವಿಶೇಷ ಸಿನಿಮಾ ಮಾಡಿದ್ದಾರೆ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಮೂರು ತಿಂಗಳಾದ ಮೇಲೆ ಅವನ ಗೆಳೆಯನೊಬ್ಬನ ಕೈಯಲ್ಲಿ ಡಿಸ್ಕ್ ಬಂತು. ಕೆಳಗೆ ಇಂಗ್ಲಿಷಿನ ಸಾಲು ಇರುವಂಥದು.

ಭಾವನಾ ಅದನ್ನು ಒಬ್ಬಳೇ ನೋಡಲಿಲ್ಲ. ಕೆಪೆಗೆ ಫೋನು ಮಾಡಿದಳು. "ಕಾಕಾ, ಅವರು ಬದುಕ್ಯಾರ್ರಿ," ಎಂದಳು.

"ಐದೂ ಮಂದಿ?" ಎಂದ ಕಂಠೆಪ್ಪ.

"ಐದೂ ಮಂದಿ ಅಂತ್ರಿ."

ಮುಂದಿನ ಭಾನುವಾರ ಬಸಣ್ಣನ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮೂವತ್ತು ಜನ ಕೂತಿದ್ದರು. ಬಸಣ್ಣ ಮನೆಯಿಂದ ಬಣ್ಣದ ದೊಡ್ಡ ಟಿವಿ ತರಿಸಿಟ್ಟಿದ್ದ. ಕಂಠೆಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಹಳೆಯ ವಾಡಿಕೆಯಂತೆ ಟಿವಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡ. ಹುಲಿಗೆಮ್ಮ ಎಲ್ಲರಿಗೂ ಕಾಗದದಲ್ಲಿ ಭಜಿ ಹಂಚಿದಳು.

ಮೊದಲ ಅರ್ಧ ಗಂಟೆ ಯಾರೋ ಹೊಸ ಐವರು, ಹಾಲುಗಲ್ಲದ ಹುಡುಗರು, ಮೋಟರ್‌ಸೈಕಲ್ ಮೇಲೆ ತಿರುಗಿದರು. ಜನ ಸೈರಿಸಿಕೊಂಡರು. ಕೊನೆಗೆ ಬೆಟ್ಟದ ಮೇಲೆ ಎತ್ತರದ ಆಳೊಬ್ಬ ಬಂದು ನಿಂತ. ಕೂದಲು ನರೆತಿತ್ತು, ದನಿ ಅದೇ. ಕೈಯೆತ್ತಿ ಕೂಗಿದ, ಉಡುಪು ಬದಲಾಯಿತು. ಕಡು ಹಸಿರು.

"ಕಂಠೆಪ್ಪಣ್ಣ, ಕೆಂಪಣ್ಣ ಹಸರ ಹಾಕ್ಕೊಂಡಾನಲ್ಲ," ಎಂದಳು ಹುಲಿಗೆಮ್ಮ.

"ಇಪ್ಪತ್ತೈದ ವರ್ಷ ಒಗದಾರವಾ, ಬಣ್ಣ ಬಿಟ್ಟೈತಿ."

ಆಮೇಲೆ ನೀಲವ್ವ ಬಂದಳು. ಅವಳು ಉಡುಪು ಬದಲಿಸಲಿಲ್ಲ, ಗೋಡೆಯ ಮೇಲಿನ ಹಳೆಯ ಚಿತ್ರದಲ್ಲಿ ಮಾತ್ರ ಉಡುಪು ಕಂಡಿತು. ಅರಿಶಿನದಂಥ ಹಳದಿ. ಕಂಠೆಪ್ಪ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪುಕ್ಕಲ ದುಂಡಪ್ಪ ಬಂದ. ಕುಂಕುಮದಂಥ ಕೆಂಪು. ಹೊಸ ಹುಡುಗರೆಲ್ಲ ಅವನ ಮುಂದೆ ಮೊಣಕಾಲೂರಿದರು.

ಗೋದಾಮಿನಲ್ಲಿ ಭಜಿ ಅಗಿಯುವ ಸದ್ದು ನಿಂತಿತು.

"ಏನಂತಾರ ಅವ್ರು?" ಎಂದು ಹುಲಿಗೆಮ್ಮ ಕಂಠೆಪ್ಪನನ್ನೇ ಕೇಳಿದಳು. ಅವನು ಭಾವನಾಳ ಕಡೆ ನೋಡಿದ. ಅವಳು ಕೆಳಗಿನ ಸಾಲು ಓದಿ, ಮೆಲ್ಲಗೆ, "ನಾಯಕರೇ, ಬಂದ್ರಲ್ಲ, ಇನ್ನ ನಮಗ ಅಂಜಿಕಿಲ್ಲ ಅಂತಾರ," ಎಂದಳು.

"ಏ ಹುಡುಗಿ, ನೆಟ್ಟಗ ಓದ," ಎಂದು ಹಿಂದಿನಿಂದ ಯಾರೋ ಗದರಿದರು. "ಕಂಠೆಪ್ಪಾ, ನೀ ಹೇಳೋ."

ಕಂಠೆಪ್ಪ ಸ್ಟೂಲಿನಿಂದ ಎದ್ದ. "ಆಕಿ ನೆಟ್ಟಗ ಓದಾಕತ್ತಾಳ. ನನಗ ಜಪಾನಿ ಬರೂದಿಲ್ಲ. ಮೊದ್ಲಿಂದನೂ ಬರತಿರಲಿಲ್ಲ," ಎಂದ.

"ಅದ ಗೊತ್ತೈತಿ ಬಿಡ್ರಿ," ಎಂದಳು ಹನುಮವ್ವ. "ಕುಂದರ್ರಿ, ಟಿವಿಗೆ ಅಡ್ಡ ಬರ್ತೈತಿ. ಭಾವನಾ, ಮುಂದ ಓದವ್ವಾ."

ಅವನು ನೆಲದ ಮೇಲೆ, ಎಲ್ಲರ ನಡುವೆ ಕೂತ. ಜನ ಅವನ ಮೇಲೆ ಸಿಟ್ಟಾಗಲಿಲ್ಲ. ಹುಲಿಗೆಮ್ಮ ಇನ್ನೆರಡು ಭಜಿ ಅವನ ಕೈಗೆ ಹಾಕಿದಳು. ಅವನು ತಿನ್ನಲಿಲ್ಲ.

ಅರ್ಧ ಸಿನಿಮಾ ದಾಟಿದ ಮೇಲೆ ಆ ದೃಶ್ಯ ಬಂತು. ಮುದುಕನಾದ ದುಂಡಪ್ಪ ಸಮುದ್ರದ ದಂಡೆಯಲ್ಲಿ ಕೂತು, ಹಳೆಯ ಹೆಲ್ಮೆಟ್ಟನ್ನು ಎದೆಗೆ ಹಿಡಿದು ತಲೆ ತಗ್ಗಿಸಿದ. ಅಭ್ಯಾಸಬಲದಿಂದ ಒಬ್ಬಿಬ್ಬರು ನಕ್ಕರು. ಭಾವನಾ ಓದಿದಳು: "ತಮ್ಮಾ, ಈ ಹೆಲ್ಮೆಟ್ ನಿಂದು. ನೀ ಸತ್ತ ದಿನದಿಂದ ಇದನ್ನ ಹಾಕ್ಕೊಳ್ಳೂ ಮೊದ್ಲ ಪ್ರತಿ ಸಲ ನಿನ್ನ ಹೆಸರು ಹೇಳೇನಿ. ಒಂದ ಸಲನೂ ಬಿಟ್ಟಿಲ್ಲ."

ಆಮೇಲೆ ಯಾರೂ ನಗಲಿಲ್ಲ. ಕಂಠೆಪ್ಪನ ಕಣ್ಣು ಟಿವಿಯ ಮೇಲಿದ್ದರೂ ಅವನು ಏನನ್ನೂ ನೋಡುತ್ತಿರಲಿಲ್ಲ ಎಂದು ಭಾವನಾ ಆಮೇಲೆ ಹೇಳಿದಳು. ಸಿನಿಮಾ ಮುಗಿದದ್ದೂ ಅವನಿಗೆ ಗೊತ್ತಾಗಲಿಲ್ಲ. ದೀಪ ಹಾಕಿದಾಗ, "ನಾಕ ವರ್ಷ ಅವನ್ನ ನಗಿಪಾಟಲ ಮಾಡೀನಿ. ಪಾಪ, ಅಂವಾ ತಮ್ಮನ ನೆನಸತಿದ್ದ, ನಾ ಯವ್ವಾ ಮನೀಗೆ ಕಳಸ ಅಂತಿದ್ನಿ," ಎಂದ.

"ನೀ ಮಾಡಿದ್ದ ಇರ್ಲಿ," ಎಂದು ಹುಲಿಗೆಮ್ಮ ಎದ್ದು ನಿಂತಳು. "ಇವ್ರ ಮಾಡಿದ್ದ ನೋಡ. ನೀಲವ್ವನ್ನ ಯಾಕ ಕರಿಸಿದ್ರು? ಚಾ ಕೊಡಾಕ. ಆ ಹುಡುಗೂರಿಗೆ ಐದ ಕಪ್ಪ ಚಾ ಕೊಟ್ಲು, ಹುಷಾರ ಅಂದ್ಲು, ಒಳಗ ಹ್ವಾದ್ಲು. ಮುಗೀತು. ಸೇತುವಿ ಮ್ಯಾಲಿಂದ ಜಿಗದಾಕಿ ಆಕಿ. ಇಪ್ಪತ್ತೈದ ವರ್ಷ ಬಿಟ್ಟ ಕರದು ಚಾ ಮಾಡ ಅಂತಾರೇನು?"

"ವಯಸ್ಸಾಗೇತಲ್ಲ, ಇನ್ನ ಎಲ್ಲಿ ಜಿಗೀಬೇಕು?" ಎಂದ ಬಸಣ್ಣ.

"ಕೆಂಪಣ್ಣಗ ವಯಸ್ಸಾಗಿಲ್ಲೇನ್ರಿ? ಅಂವಾ ಬೆಟ್ಟ ಹತ್ತಿ ನಿಂತಿದ್ದ. ಮೊಣಕಾಲು ಆಕೀಗಷ್ಟ ನೋಯ್ತಾವೇನು?"

ಹೆಂಗಸರೆಲ್ಲ ಅವಳ ಕಡೆಯಾದರು. ಐವರೂ ಬರುತ್ತಾರೆ ಎಂದಿದ್ದರು, ಹೆಸರು ಗಟ್ಟಿಯಿಲ್ಲದ ಇಬ್ಬರನ್ನು ಬರೀ ಫೋಟೋದಲ್ಲಿ ತೋರಿಸಿ ಮುಗಿಸಿದ್ದಾರೆ ಎಂಬ ತಕರಾರು ಕಾಣಕೋಣದವರಿಂದ ಬಂತು. ಹೊಸ ಹುಡುಗರ ಬೊಂಬೆ ಮಾರಲು ಹಳಬರನ್ನು ಬಾಗಿಲಲ್ಲಿ ನಿಲ್ಲಿಸಿದ್ದಾರೆ, ಅಷ್ಟೇ ಎಂದಳು ಭಾವನಾ. ಬಸಣ್ಣ ವ್ಯಾಪಾರಿ, ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಮುದ್ರಕ್ಕೆ ಬಿದ್ದವರು ಹೇಗೆ ಪಾರಾದರು ಎಂಬುದನ್ನಂತೂ ಇಡೀ ಸಿನಿಮಾದಲ್ಲಿ ಯಾರೂ ಹೇಳಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಅದೊಂದೇ.

ಕಂಠೆಪ್ಪ ಕೊನೆಗೆ ಬಾಯಿ ಬಿಟ್ಟ. "ದುಂಡಪ್ಪಗ ಇವ್ರು ನ್ಯಾಯ ಕೊಟ್ಟಾರ, ನಾ ಕೊಟ್ಟಿರಲಿಲ್ಲ. ನೀಲವ್ವಗ ನಾ ಕೊಟ್ಟಿದ್ನಿ, ಇವ್ರು ಕಸಗೊಂಡಾರ. ಬಸಣ್ಣಾರ, ಮುಂದಿನ ಐತಾರ ಗೋದಾಮ ಖಾಲಿ ಇರತೈತೇನ್ರಿ?"

ಆ ವಾರವೆಲ್ಲ ಅವನು ಕೆಪೆಯಲ್ಲಿ ಗಾರೆ ಕಲಸುತ್ತಾ ತನ್ನೊಳಗೇ ಮಾತಾಡಿಕೊಳ್ಳುತ್ತಿದ್ದನಂತೆ. ಮೇಸ್ತ್ರಿ ಗೋಪಪ್ಪ ಜ್ವರ ಬಂದಿದೆಯೇ ಎಂದು ಎರಡು ಸಲ ಹಣೆ ಮುಟ್ಟಿ ನೋಡಿದ. ದುಂಡಪ್ಪನ ಮಾತುಗಳನ್ನು ಅವನು ಭಾವನಾಳಿಂದ ಫೋನಿನಲ್ಲಿ ಮೂರು ಬಾರಿ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದ.

ಮುಂದಿನ ಭಾನುವಾರ ಐವತ್ತು ಜನ ಬಂದರು. ಟಿವಿಯ ದನಿ ಅಡಗಿಸಿ ಕಂಠೆಪ್ಪ ಸ್ಟೂಲಿನ ಮೇಲೆ ಕೂತ. ಹೊಸ ಹುಡುಗರ ಅರ್ಧ ಗಂಟೆಯನ್ನು ನಾಲ್ಕೇ ಮಾತಿನಲ್ಲಿ ಓಡಿಸಿದ. ದಂಡೆಯ ದೃಶ್ಯ ಬಂದಾಗ ದುಂಡಪ್ಪನ ಮಾತನ್ನು ಇದ್ದದ್ದು ಇದ್ದ ಹಾಗೆ, ಒಂದು ಅಕ್ಷರ ಸೇರಿಸದೆ ಹೇಳಿದ. ಆಮೇಲೆ ಚಿತ್ರವನ್ನು ಹಿಂದಕ್ಕೆ ಓಡಿಸಿದರು, ನೀಲವ್ವ ಚಹಾದ ತಟ್ಟೆ ಹಿಡಿದು ಬಂದಳು. "ನಿಂದರ್ಸ," ಎಂದ. ಭಾವನಾ ಚಿತ್ರವನ್ನು ಅಲ್ಲೇ ನಿಲ್ಲಿಸಿದಳು. ತಟ್ಟೆ ಹಿಡಿದು ನಿಂತ ಆ ಹೆಂಗಸಿನ ಮುಖ ತೋರಿಸುತ್ತಾ ಕಂಠೆಪ್ಪ ಇಪ್ಪತ್ತು ನಿಮಿಷ ಹೇಳಿದ. ಬೊಂಬೆ ಸಮುದ್ರಕ್ಕೆ ಬಿದ್ದ ದಿನ ಮೊದಲು ಬಾಗಿಲು ಒದ್ದು ತೆರೆದವಳು ಇವಳು, ನಾಲ್ವರನ್ನೂ ಜುಟ್ಟು ಹಿಡಿದು ಒಬ್ಬೊಬ್ಬರನ್ನಾಗಿ ದಂಡೆಗೆ ಎಳೆದವಳು ಇವಳು, ಆಮೇಲೆ ಮದುವೆಯಾಗಿ, ಎರಡು ಮಕ್ಕಳನ್ನು ಹೆತ್ತು, ಹಗಲು ಅಂಗಡಿ ನಡೆಸುತ್ತಾ, ಗಿರಾಕಿ ಇಲ್ಲದಾಗ ಹಿಂಬಾಗಿಲಿನಿಂದ ಹೋಗಿ ಇಪ್ಪತ್ತೈದು ವರ್ಷ ಒಬ್ಬಳೇ ಊರು ಕಾಯ್ದವಳು ಇವಳು. ನಾಲ್ವರು ಗಂಡಸರಿಗೆ ವಿಶ್ರಾಂತಿ ಸಿಕ್ಕದ್ದೇ ಇವಳಿಂದ. ಇಷ್ಟಾದ ಮೇಲೆ ಚಹಾ ಕೊಟ್ಟರೆ ಅದರಲ್ಲಿ ಅವಮಾನವಿಲ್ಲ, ಕುಡಿಯುವವರಿಗೆ ಯೋಗ್ಯತೆ ಇರಬೇಕು, ಅಷ್ಟೇ.

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಸರಿ ಹೋತು," ಎಂದಳು. ಜಪಾನಿನವರಿಗೆ ಇದನ್ನು ಬರೆದು ಕಳಿಸು ಎಂದು ಬಸಣ್ಣನೇ ಮಗಳಿಗೆ ಹೇಳಿದ.

ಸಂಜೆಯ ಬಸ್ಸಿನಲ್ಲಿ ಗಂಡಹೆಂಡತಿ ಕೆಪೆಗೆ ಹೊರಟರು. ಕಿಟಕಿಯ ಪಕ್ಕ ಕಂಠೆಪ್ಪ ಹಗುರಾಗಿ ಕೂತಿದ್ದ. ವೆರ್ಣೆ ದಾಟಿದ ಮೇಲೆ ಹನುಮವ್ವ ಕೇಳಿದಳು: "ಅಲ್ರಿ, ನೀಲವ್ವ ಹೊಡದಾಡಾಕ ಹ್ವಾದಾಗ ಆ ಎರಡ ಕೂಸ ಯಾರ ನೋಡ್ಕೊಂತಿದ್ರು?"

"ಆಕಿ ಅತ್ತಿ," ಎಂದ ಕಂಠೆಪ್ಪ.

"ಎಂಥಾ ಅತ್ತಿ? ಕಾಡಾಕಿನೋ, ಚಲೋದಾಕಿನೋ?"

"ಮೊದಲ ಕಾಡತಿದ್ಲು," ಎಂದು ಅವನು ಅವಳ ಕಡೆ ತಿರುಗಿ ಕೂತ. ಮಡಗಾಂವ ಬರುವಷ್ಟರಲ್ಲಿ ಮುಂದಿನ ಸೀಟಿನವರೂ ಕುತ್ತಿಗೆ ಹೊರಳಿಸಿದ್ದರು.