ದೊಡ್ಡಮ್ಮ ಕಟ್ಟಿದ ಟಿಕೆಟ್ ಕಟ್ಟು

ಆ ದಿನ ವ್ಯಾನಿನಲ್ಲಿ ನಾವು ಏಳು ಮಂದಿ. ಓಡಿಸುತ್ತಿದ್ದವರು ಭಾವ, ಎಂದರೆ ಅಕ್ಕನ ಗಂಡ. ವಿದ್ಯಾನಗರದ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರ ಪಕ್ಕದಲ್ಲಿ ಅಕ್ಕ. ನಡುವಿನ ಸೀಟಿನಲ್ಲಿ ಅಮ್ಮ, ಅಮ್ಮನ ಅಕ್ಕನಾದ ನಮ್ಮ ದೊಡ್ಡಮ್ಮ, ಅವರಿಬ್ಬರ ಮಧ್ಯೆ ಮೂರನೇ ಕ್ಲಾಸಿನ ನನ್ನ ಮಗಳು. ಹಿಂದೆ, ಬುತ್ತಿಯ ಪಾತ್ರೆಗಳನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ನಾನು ಮತ್ತು ನನ್ನ ಹೆಂಡತಿ. ಕ್ರಿಸ್ಮಸ್ ರಜೆಯ ಒಂದು ದಿನ. ವರ್ಕಾಡಿಯಿಂದ ಬೆಳಗ್ಗೆ ಹೊರಟು, ಹೆದ್ದಾರಿ ಹಿಡಿದು, ನಮ್ಮ ಗಡಿಜಿಲ್ಲೆಯ, ಮಲಯಾಳ ಮಾತಾಡುವ ದಕ್ಷಿಣದ ತುದಿಯಲ್ಲಿ ಗುಡ್ಡ ಕಡಿದು ಮಾಡಿದ ಹೊಸ ಪಾರ್ಕಿಗೆ ಹೋಗುವುದೆಂದು ನಿಶ್ಚಯವಾಗಿತ್ತು.

ಮಗುವಿಗಾಗಿ ಹೋಗುವುದು ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದೆವು. ನಿಜವಾಗಿ ಹೊರಟದ್ದು ದೊಡ್ಡಮ್ಮನಿಗಾಗಿ. ಆ ಪಾರ್ಕಿನೊಳಗೆ ಹಿಮದ ಮನೆ ಎಂಬುದೊಂದು ಉಂಟು, ಅಲ್ಲಿ ಮೇಲಿನಿಂದ ಹಿಮ ಉದುರುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

ಹಿಮಕ್ಕೂ ದೊಡ್ಡಮ್ಮನಿಗೂ ಹಳೆಯ ವ್ಯಾಜ್ಯ. ದೊಡ್ಡಪ್ಪ ಮಿಲಿಟ್ರಿಯಲ್ಲಿ ಅಡಿಗೆ ಮಾಡುತ್ತಿದ್ದವರು. ರಜೆಯಲ್ಲಿ ಊರಿಗೆ ಬಂದಾಗ ಜಗಲಿಯಲ್ಲಿ ಕೂತು ಕಾಶ್ಮೀರದ ಕತೆ ಹೇಳುತ್ತಿದ್ದರು. ಬೆಳಗಾಗುವಾಗ ಡೇರೆಯೇ ಹಿಮದಡಿಗೆ ಹೋದದ್ದು, ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಯದ್ದು, ಮೀಸೆಯ ಮೇಲೆ ಉಸಿರು ಗಟ್ಟಿಯಾಗಿ ಕೂತದ್ದು. ದೊಡ್ಡಮ್ಮ ಮಡಿಲಲ್ಲಿ ತಡ್ಪೆ, ಎಂದರೆ ಎಲೆ ತುಂಬಿದ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಾ ಎಲ್ಲದಕ್ಕೂ ಹೂಂಗುಟ್ಟುವರು. ಒಂದು ಮಾತಿಗೆ ಮಾತ್ರ ಅವರ ಕೈ ನಿಲ್ಲುತ್ತಿತ್ತು. ಹಿಮ ಬೀಳುವಾಗ ಶಬ್ದವೇ ಆಗುವುದಿಲ್ಲ ಎಂದು ದೊಡ್ಡಪ್ಪ ಹೇಳಿದ ಕೂಡಲೇ ಎಲೆ ಕತ್ತರಿಸುವ ಕತ್ತರಿಯನ್ನು ಅವರತ್ತ ಆಡಿಸಿ ಕೇಳುವರು:

“ಆಕಾಶದಿಂದ ಬೀಳುದು, ಶಬ್ದ ಇಲ್ಲದೆ ಬೀಳುದಾ? ಯಾರ ಹತ್ರ ಹೇಳ್ತೀರಿ? ನಾನೆಂತ ಮಳೆ ನೋಡದವಳಾ?”

ನಮ್ಮ ಕಡೆಯ ಮಳೆಯನ್ನು ಕಂಡವರಿಗೆ ದೊಡ್ಡಮ್ಮನ ತಕರಾರು ಅರ್ಥವಾಗುತ್ತದೆ. ಹಂಚಿನ ಮಾಡಿನಡಿ ಎದುರೆದುರು ಕೂತು ಊಟ ಮಾಡುವಾಗ ಮಜ್ಜಿಗೆ ಬೇಕೆಂದು ಬೊಬ್ಬೆ ಹಾಕಿ ಕೇಳಬೇಕು. ಮೇಲಿನಿಂದ ಬರುವುದೆಂದರೆ ಸದ್ದು ಮಾಡಿಕೊಂಡೇ ಬರುವುದು ಎಂದು ನಂಬಿ ಬೆಳೆದವರು ನಾವೆಲ್ಲ. ದೊಡ್ಡಪ್ಪ ದೇವರಾಣೆ ಹಾಕಿದರು, ತನ್ನ ಅಡಿಗೆ ಕೈಯಾಣೆ ಹಾಕಿದರು. ಏನೂ ಪ್ರಯೋಜನವಾಗಲಿಲ್ಲ. ಅವರು ತೀರಿಕೊಂಡ ಮೇಲೂ ದೊಡ್ಡಮ್ಮ ಆ ವಿಷಯವನ್ನು ಬಿಡಲಿಲ್ಲ.

“ಒಮ್ಮೆ ನಾನೇ ನೋಡ್ಬೇಕು ಮಾರಾಯ,” ಎಂದು ನನ್ನ ಹತ್ತಿರ ಹೇಳಿದ್ದರು. “ಅವರು ಹೇಳಿದ್ದು ಸತ್ಯವೋ ಸುಳ್ಳೋ ಗೊತ್ತಾಗದೆ ನಾನು ಅಲ್ಲಿಗೆ ಹೋಗಿ ಅವರ ಮುಖ ಹೇಗೆ ನೋಡುದು? ಎಂತ ಹೇಳುದು?”

ಅಲ್ಲಿಗೆ ಎಂದರೆ ಮೇಲಕ್ಕೆ.

ಪಾರ್ಕಿನ ಬಾಗಿಲಿನ ಎದುರು ವ್ಯಾನಿನಿಂದ ಇಳಿದು ನಾವೆಲ್ಲ ತಲೆ ಮೇಲೆತ್ತಿದೆವು. ನಮ್ಮೂರಿನ ಗುಡ್ಡದಂಥದೇ ಕೆಂಪು ಮುರಕಲ್ಲಿನ ಗುಡ್ಡ; ಅದರ ತಲೆಯ ಮೇಲೆ ಒಂದು ಚಕ್ರ, ತುದಿಯ ತೊಟ್ಟಿಲುಗಳು ಮೋಡಕ್ಕೆ ತಾಗುತ್ತವೆಯೋ ಎನ್ನುವಷ್ಟು ಎತ್ತರ. ಅದು ಅವಸರವಿಲ್ಲದೆ ತಿರುಗುತ್ತಿತ್ತು. ಮೇಲೆ ಹೋದವರ ಸೀರೆಯ ಸೆರಗುಗಳು ಹಾರುವುದು ಕೆಳಗಿಂದ ಕಾಣುತ್ತಿತ್ತು. “ಶಿವನೇ, ಇದನ್ನು ಇಲ್ಲಿಗೆ ಹೊತ್ತದ್ದು ಯಾರು?” ಎಂದರು ಅಮ್ಮ.

ಭಾವ ಕೌಂಟರಿನಲ್ಲಿ ಟಿಕೆಟ್ ತೆಗೆದರು. ಬಸ್ಸಿನ ಕಂಡಕ್ಟರರ ಯಂತ್ರದಿಂದ ಬರುತ್ತದಲ್ಲ, ಅಂಥ ನುಣುಪಾದ ತೆಳು ಕಾಗದ, ಸ್ವಲ್ಪ ಉದ್ದ. ಅದರ ಮೇಲೆ ಕಪ್ಪು ಚುಕ್ಕಿಗಳ ಚೌಕ. ಹಿಮದ ಮನೆಯ ಪ್ರವೇಶವೂ ಅದರಲ್ಲೇ. ನಮ್ಮ ಸರದಿ ಸಂಜೆಯ ಕೊನೆಯ ತಂಡದ್ದು. ಅಲ್ಲಿ ಇನ್ನೊಮ್ಮೆ ತೋರಿಸಬೇಕು, ಕಳೆದುಕೊಳ್ಳಬೇಡಿ ಎಂದು ಕೌಂಟರಿನಾಕೆ ಹೇಳಿದಳು. ಭಾವ ಏಳನ್ನೂ ಮಡಚಿ ಅಂಗಿಯ ಕಿಸೆಗೆ ಹಾಕಲು ಹೊರಟರು.

“ಕಿಸೆಗಾ?” ಎಂದಳು ಅಕ್ಕ. “ಮೂಕಾಂಬಿಕೆಗೆ ಹೋದಾಗ ರೈಲಿನ ಟಿಕೆಟು ಕಿಸೆಯಲ್ಲೇ ಇದ್ದದ್ದು. ಅಂಗಿ ಒಗೆದು ಹಿಂಡುವಾಗ ಸಿಕ್ಕಿತು.”

“ಅದು ಬರುವಾಗಿನ ಟಿಕೆಟಲ್ವಾ?”

“ಬರುವ ಮೊದಲೇ ಒಗೆದದ್ದಲ್ವಾ?”

“ಇಡೀ ಕಚೇರಿಯ ಕಾಗದ ನೋಡಿಕೊಳ್ಳುವವ ನಾನು,” ಎಂದು ಭಾವ ಗೊಣಗಿದರು. ಆದರೂ ಕೊಟ್ಟರು. ನಮ್ಮ ಮನೆಯಲ್ಲಿ ಎಲ್ಲಿಗೆ ಹೋದರೂ ಟಿಕೆಟ್ ಇರುವುದು ದೊಡ್ಡಮ್ಮನ ಹತ್ತಿರ.

ಇಟ್ಟುಕೊಳ್ಳುವ ಕ್ರಮವೂ ಅವರದೇ. ಅವರು ಬೆಂಚಿನ ಮೇಲೆ ಕೂತು ಒಂದು ಟಿಕೆಟನ್ನು ಬೆರಳ ತುದಿಯಲ್ಲಿ ಹಿಡಿದರು, ಎರಡು ಹೆಬ್ಬೆರಳು ಒಮ್ಮೆ ಮುಂದಕ್ಕೆ ಜಾರಿತು, ಅಷ್ಟೇ. ಕಾಗದ ಬೀಡಿಯಾಗಿತ್ತು. ಒಂದು ತುದಿ ಸಪೂರ, ಇನ್ನೊಂದು ತುದಿ ಸ್ವಲ್ಪ ದಪ್ಪ. ಉಗುರಿನಿಂದ ಬಾಯಿ ಮುಚ್ಚಿ, ಸೊಂಟದ ಸಂಚಿಯಲ್ಲಿ ಯಾವಾಗಲೂ ಇರುವ ಕೆಂಪು ನೂಲಿನಿಂದ ಎರಡು ಸುತ್ತು. ಹೀಗೆ ಏಳು ಬೀಡಿ ಕಟ್ಟಿ, ನಡುವೆ ಒಂದಿಟ್ಟು ಸುತ್ತ ಆರನ್ನು ನಿಲ್ಲಿಸಿ, ಮೇಲಿಂದ ನೂಲು ಬಿಗಿದರು. ಮಗಳು ಬಾಯಿ ತೆರೆದು ನೋಡುತ್ತಿದ್ದಳು. ನಾನೂ ಅಷ್ಟೇ. ಹುಟ್ಟಿದಂದಿನಿಂದ ಕಂಡ ಕೈ ಅದು. ಆದರೂ ಎಲೆಯ ಬದಲು ಕಾಗದವಾದಾಗ ಹೊಸದಾಗಿ ಕಂಡಿತು. ಪಾರ್ಕಿನ ಯಾವ ಯಂತ್ರವೂ ಇಷ್ಟು ಸರಾಗವಾಗಿ ತಿರುಗುವುದಿಲ್ಲ ಎನಿಸಿತು.

“ಬಿಚ್ಚಿದ್ರೆ ನೆಟ್ಟಗಾಗ್ತದಾ ಅತ್ತೇ?” ಭಾವನಿಗೆ ಸಂಶಯ.

“ನೀನು ಸೇದದಿದ್ರೆ ಆಯ್ತು,” ಎಂದರು ದೊಡ್ಡಮ್ಮ.

ಮಧ್ಯಾಹ್ನದವರೆಗೆ ಸುತ್ತಿದೆವು. ಭಾವ ಮತ್ತು ಮಗಳು ಚಕ್ರ ಹತ್ತಿದರು. ಇಳಿಯುವಾಗ ಮಗಳು ಭಾವನ ಕೈ ಹಿಡಿದು ಕರೆತಂದಳು. ಬುತ್ತಿ ಉಂಡ ಮೇಲೆ ನೀರಿನ ದೋಣಿಯ ಹತ್ತಿರ ಹೋದೆವು. ಮನೆಯಷ್ಟು ಎತ್ತರದಿಂದ ದೋಣಿಯೊಂದು ಜನರ ಸಮೇತ ಕೆಳಗಿನ ಕೊಳಕ್ಕೆ ಜಾರುತ್ತದೆ. ಬೇಲಿಯ ಹೊರಗೆ ನಿಂತರೆ ಒದ್ದೆಯಾಗುವುದಿಲ್ಲ ಎಂದುಕೊಂಡು ದೊಡ್ಡಮ್ಮ ಬೇಲಿಗೆ ಒರಗಿ ನಿಂತಿದ್ದರು. ದೋಣಿ ಬಿದ್ದಾಗ ಕೊಳದ ನೀರು ಗೋಡೆಯಂತೆ ಎದ್ದು ಅವರ ಮೇಲೆ ಕವುಚಿತು.

ಎಲ್ಲರೂ ನಕ್ಕೆವು, ಅವರೂ ನಕ್ಕರು. ಅಮ್ಮ ಅವರ ತಲೆ ಒರೆಸಿದರು. ಚಹಾ ಕುಡಿಯುವಾ ಎಂದು ಅಲ್ಲೇ ಇದ್ದ ಅಂಗಡಿಗೆ ಹೋಗಿ ಕೂತೆವು. ಒದ್ದೆ ಸಂಚಿ ಬಿಚ್ಚಿ ನೋಡಿದ ದೊಡ್ಡಮ್ಮ, ಟಿಕೆಟಿನ ಕಟ್ಟನ್ನು ಕೆನ್ನೆಗೆ ಒತ್ತಿಕೊಂಡರು. ಬೀಡಿ ತೇವವಾಗಿದೆಯೋ ಎಂದು ಅವರು ನೋಡುವುದೇ ಹಾಗೆ. ಮಳೆಗಾಲದಲ್ಲಿ ತೇವದ ಬೀಡಿಯನ್ನು ಕಂಪನಿಯ ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ. ಅದಕ್ಕಾಗಿ ಕಟ್ಟುಗಳನ್ನು ಒಲೆಯ ದಂಡೆಯಲ್ಲಿ ಇಟ್ಟು, ಮಗ್ಗುಲು ತಿರುಗಿಸುತ್ತಾ, ಬೆಚ್ಚಗೆ ಮಾಡಿ ಕೊಂಡುಹೋಗುವುದು. ವರ್ಕಾಡಿಯ ಅರ್ಧ ಮನೆಗಳಲ್ಲಿ ಹಾಗೆಯೇ ಮಾಡುವುದು.

ನಾವು ಚಹಾ ಕುಡಿದು ಏಳುವಾಗ ದೊಡ್ಡಮ್ಮ ಅಂಗಡಿಯ ಬಾಯ್ಲರಿನ ಹತ್ತಿರ ನಿಂತಿದ್ದರು. ಅದರ ಸ್ಟೀಲ್ ಮುಚ್ಚಳದ ಮೇಲೆ ಟಿಕೆಟಿನ ಕಟ್ಟು. ಅಂಗಡಿಯವನ ಹತ್ತಿರ ಮಲಯಾಳದಲ್ಲಿ ಕುಶಲ ಮಾತಾಡುತ್ತಾ ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ಉರುಳಿಸುತ್ತಿದ್ದರು.

“ಅಯ್ಯೋ ಅತ್ತೇ!” ಭಾವ ಓಡಿದರು. “ಅದು ಬಿಸಿಗೆ ಕಪ್ಪಾಗುವ ಕಾಗದ! ಅದರಲ್ಲಿ ಶಾಯಿ ಇಲ್ಲ, ಬಿಸಿ ತಾಗಿಸಿಯೇ ಅಕ್ಷರ ಮೂಡಿಸುದು!”

ದೊಡ್ಡಮ್ಮ ಕಟ್ಟನ್ನು ಎತ್ತಿಕೊಂಡರು. ಸುತ್ತಲಿನ ಆರೂ ಮಸಿಯಂತೆ ಕಪ್ಪಾಗಿದ್ದವು. ಒಂದೊಂದನ್ನೇ ಬಿಚ್ಚಿದರು. ಹೆಸರಿಲ್ಲ, ಚೌಕವಿಲ್ಲ, ಎಲ್ಲವೂ ಒಂದೇ ಕಪ್ಪು. ನಡುವಿನದನ್ನು ಕೊನೆಗೆ ಬಿಚ್ಚಿದರು. ಆರು ಮಂದಿಯ ಮರೆಯಲ್ಲಿ ಅದು ಉಳಿದುಕೊಂಡಿತ್ತು. ಅಂಚು ಬೂದಿ ಬಣ್ಣಕ್ಕೆ ತಿರುಗಿದ್ದರೂ ಚೌಕ ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಸಂಜೆಯಾಗಿ ನಮ್ಮ ಸರದಿಯ ಹೊತ್ತು ಬಂದಿತ್ತು, ಹಿಮದ ಮನೆಯ ಬಾಗಿಲಿಗೆ ಹೋದೆವು. ಅಲ್ಲಿದ್ದ ಹುಡುಗಿ ಕಪ್ಪು ಟಿಕೆಟುಗಳನ್ನು ಯಂತ್ರಕ್ಕೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. “ಇದು ಆವೂಲ ಅಮ್ಮೇ,” ಎಂದಳು, ಪಾಪ, ಅವಳಿಗೇ ಬೇಸರವಾದಂತೆ. ಆಗುವುದಿಲ್ಲ, ಪಾರ್ಕಿನ ಮುಂಬಾಗಿಲಿನ ಆಫೀಸಿನಲ್ಲಿ ಕೇಳಿದರೆ ಬೇರೆ ಕೊಟ್ಟಾರು. ಆದರೆ ಕೊನೆಯ ತಂಡ ಈಗ ಒಳಗೆ ಹೋಗುತ್ತದೆ. ಭಾವ ಕಪ್ಪು ಟಿಕೆಟುಗಳನ್ನು ಹಿಡಿದುಕೊಂಡು ಆಫೀಸಿನ ಕಡೆ ಓಡಿದರು.

ಉಳಿದದ್ದು ಒಂದು ಟಿಕೆಟು, ನಾವು ಆರು ಮಂದಿ.

ದೊಡ್ಡಮ್ಮ ಅದನ್ನು ಮಗಳ ಕೈಗೆ ಇಟ್ಟರು. “ನೀನು ಹೋಗು ಮಗಾ. ಹಾಳು ಮಾಡಿದವಳು ನಾನು. ನಾನು ಹೋಗುದು ಎಂತದಕ್ಕೆ?”

ಮಗಳು ಟಿಕೆಟನ್ನೂ ಅವರನ್ನೂ ನೋಡಿದಳು. ಅವಳಿಗೆ ಆಸೆ ಇರಲಿಲ್ಲವೆಂದಲ್ಲ. ಗಾಜಿನ ಒಳಗಿನ ಬಿಳಿಯನ್ನು ನೋಡಿ ನೋಡಿ ಅವಳ ಕಣ್ಣು ಅರಳಿತ್ತು. “ನಂಗೆ ದೊಡ್ಡಜ್ಜನ ಹತ್ರ ಎಂತದೂ ಹೇಳ್ಲಿಕ್ಕಿಲ್ಲ ದೊಡ್ಡಜ್ಜೀ,” ಎಂದಳು. “ನಿಮಗಲ್ವಾ ಹೇಳ್ಲಿಕ್ಕುಂಟು?”

“ಹೋಗಕ್ಕಾ,” ಎಂದು ಅಮ್ಮ ಬೆನ್ನಿಗೆ ಕೈ ಹಾಕಿ ದೂಡಿದರು. “ಈಗ ಹೋಗದಿದ್ರೆ ಸಾಯುವವರೆಗೆ ನಮ್ಮ ತಲೆ ತಿಂತೀ ನೀನು.”

ಹಾಗೆ ಹೋದರು. ಹುಡುಗಿ ಅವರಿಗೆ ದಪ್ಪ ಕೋಟು ತೊಡಿಸಿ, ಮೊಣಕಾಲಿನವರೆಗಿನ ಬೂಟು ಹಾಕಿಸಿದಳು. ಸೀರೆಯ ನೆರಿಗೆಯೆಲ್ಲ ಬೂಟಿನೊಳಗೆ. ಬಾಗಿಲು ಮುಚ್ಚಿತು. ನಾವು ದಪ್ಪ ಗಾಜಿನ ಈಚೆ ಸಾಲಾಗಿ ನಿಂತೆವು.

ಒಳಗೆ ಹಾಡು ಜೋರಾಗಿತ್ತು. ಅದರ ಗುಡುಗುಡು ಗಾಜಿನ ಮೂಲಕ ನಮ್ಮ ಅಂಗೈಗೇ ತಾಗುತ್ತಿತ್ತು. ಜನ ಉಂಡೆ ಮಾಡಿ ಎಸೆದಾಡುತ್ತಿದ್ದರು, ಕುಣಿಯುತ್ತಿದ್ದರು. ಮಾಡಿನ ಯಂತ್ರದಿಂದ ಹಿಮ ಹುಡಿಹುಡಿಯಾಗಿ ಬೀಳುತ್ತಿತ್ತು. ದೊಡ್ಡಮ್ಮ ಅದರ ನಡುವೆ ನಿಂತು ಮೇಲೆ ನೋಡಿದರು, ಕಿವಿಗೆ ಕೈಯ ಮರೆ ಹಿಡಿದರು, ತಲೆಯಾಡಿಸಿದರು. ಅಷ್ಟು ಗದ್ದಲದಲ್ಲಿ ಎಂತದು ಕೇಳುವುದು? ಇಷ್ಟಾಗಿ ಒಳಗೆ ಹೋಗಿಯೂ ಬರಿಗೈಯಲ್ಲಿ ಬರುತ್ತಾರಲ್ಲ ಎನಿಸಿತು.

ಅಷ್ಟರಲ್ಲಿ ಅವರು ಮೂಲೆಯಲ್ಲಿ ನಿಂತಿದ್ದ ಕೆಲಸದವನ ಹತ್ತಿರ ನಡೆದರು. ದೊಡ್ಡ ಬೂಟು, ಒಂದೊಂದೇ ಹೆಜ್ಜೆ. ಅವನ ತೋಳು ಹಿಡಿದು ಏನೋ ಹೇಳಿದರು, ಮಾಡಿನ ಕಡೆ ಬೆರಳು ತೋರಿಸಿದರು, ತನ್ನ ಎದೆ ಮುಟ್ಟಿಕೊಂಡರು. ಅವನು ಬಗ್ಗಿ ಕೇಳಿದ. ಮತ್ತೆ ಗೋಡೆಯ ಹತ್ತಿರ ಹೋಗಿ ಏನನ್ನೋ ಒತ್ತಿದ.

ನಮ್ಮ ಅಂಗೈಯ ಕೆಳಗೆ ಗಾಜು ಸುಮ್ಮನಾಯಿತು.

ಒಳಗಿದ್ದವರು ಕುಣಿತ ನಿಲ್ಲಿಸಿ ಅತ್ತಿತ್ತ ನೋಡಿದರು. ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ತೋರಿಸಿದರು, ಅಂಗನವಾಡಿಯ ಟೀಚರಂತೆ. ಯಂತ್ರವೂ ನಿಂತಿತ್ತು. ಆದರೆ ಮೇಲೆ ಆಗಲೇ ಹೊರಟಿದ್ದ ಹಿಮ ಇನ್ನೂ ಇಳಿಯುತ್ತಿತ್ತು. ಇಳಿಯುತ್ತಲೇ ಇತ್ತು. ಒಬ್ಬೊಬ್ಬರಾಗಿ ಎಲ್ಲರೂ ಮುಖ ಮೇಲೆತ್ತಿದರು. ಕೈಯಲ್ಲಿ ಉಂಡೆ ಹಿಡಿದಿದ್ದ ಯುವಕ ಅದನ್ನು ಎಸೆಯುವುದನ್ನೇ ಮರೆತ. ಗುರುತು ಪರಿಚಯವಿಲ್ಲದ ಅಷ್ಟು ಮಂದಿ ಒಂದೇ ಕಡೆ ನೋಡುತ್ತಾ, ಉಸಿರು ಬಿಗಿಹಿಡಿದು, ಏನೂ ಕೇಳಿಸದ್ದನ್ನು ಕೇಳುತ್ತಾ ನಿಂತಿದ್ದರು. ದೊಡ್ಡಮ್ಮನ ಬೋಳು ಹಣೆಯ ಮೇಲೆ, ರೆಪ್ಪೆಯ ಮೇಲೆ, ಚಾಚಿದ ಅಂಗೈಯ ಮೇಲೆ ಹಿಮ ಬಂದು ಕೂರುತ್ತಿತ್ತು. ಅವರು ಅದನ್ನು ಒರೆಸಲಿಲ್ಲ. ದೊಡ್ಡ ದೊಡ್ಡ ದೇವಸ್ಥಾನಗಳ ಗರ್ಭಗುಡಿಯೆದುರು ಅವರು ನಿಂತದ್ದನ್ನು ಕಂಡವನು ನಾನು. ಇಂಥ ಮುಖವನ್ನು ಎಲ್ಲಿಯೂ ಕಂಡಿರಲಿಲ್ಲ. ಮಗಳು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮತ್ತೆ ಹಾಡು ಶುರುವಾಯಿತು.

ಹೊರಗೆ ಬಂದ ದೊಡ್ಡಮ್ಮ ಕೋಟು ಕಳಚಿ ಹುಡುಗಿಗೆ ಕೊಟ್ಟು, ಬೆಂಚಿನ ಮೇಲೆ ಕೂತರು. ಮೂಗು ಕೆಂಪಾಗಿತ್ತು.

“ಅವನ ಹತ್ರ ಎಂತ ಹೇಳಿದ್ದು ನೀನು?” ಅಮ್ಮನಿಗೆ ತಡೆಯಲಾಗಲಿಲ್ಲ.

“ಎಂತ ಹೇಳುದು? ಮೋನೇ, ಹಾಡು ಒಂದು ನಿಲ್ಲಿಸು, ನನ್ನ ಗಂಡ ಸತ್ಯ ಹೇಳಿದ್ದಾರಾ ಅಂತ ನೋಡ್ಲಿಕ್ಕುಂಟು ಅಂತ ಹೇಳಿದೆ.”

“ಮತ್ತೆ?”

ದೊಡ್ಡಮ್ಮ ತಮ್ಮ ಅಂಗೈಯನ್ನು ನೋಡಿಕೊಂಡರು. ಅಲ್ಲಿ ಬರೀ ನೀರಿತ್ತು.

“ಇಲ್ಲ ಮಾರಾಯ್ತಿ,” ಎಂದರು ಮೆಲ್ಲಗೆ. “ಒಂದು ಚೂರೂ ಶಬ್ದ ಇಲ್ಲ. ಆ ಮನುಷ್ಯನನ್ನು ಎಷ್ಟು ವರ್ಷ ಬೈದೆ ನಾನು.”

ಆಗ ಭಾವ ಏದುಸಿರು ಬಿಡುತ್ತಾ ಬಂದರು, ಕೈಯಲ್ಲಿ ಹೊಸ ಟಿಕೆಟುಗಳು. ಬಾಗಿಲು ಮುಚ್ಚಿಯಾಗಿತ್ತು. ಅವು ಇನ್ನೊಂದು ದಿನಕ್ಕೂ ಆಗುತ್ತವೆ ಎಂದು ಆಫೀಸಿನವರು ಹೇಳಿದರಂತೆ. ವ್ಯಾನು ಹತ್ತಿದೆವು. ಕುಂಬಳೆ ದಾಟುವವರೆಗೆ ದೊಡ್ಡಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು.

ಮರುದಿನ ಬೀಡಿ ಬ್ರಾಂಚಿನ ಜಗಲಿಯಲ್ಲಿ ಅವರು ಇದನ್ನು ಹೇಳಿದಾಗ ಒಬ್ಬಳಾದರೂ ನಂಬಲಿಲ್ಲ. ನೀನೂ ಗಂಡನ ಹಾಗೆ ರೈಲು ಬಿಡ್ಲಿಕ್ಕೆ ಶುರು ಮಾಡಿದೆಯಾ ಎಂದು ನಕ್ಕರು. “ನೀವೇ ಹೋಗಿ ಕಿವಿಗೊಟ್ಟು ನೋಡಿ,” ಎಂದರು ದೊಡ್ಡಮ್ಮ. ಆ ತಿಂಗಳು ಮುಗಿಯುವ ಮೊದಲು ಒಂದು ಭಾನುವಾರ ಬೀಡಿ ಕಟ್ಟುವ ಹೆಂಗಸರೆಲ್ಲ ಸೇರಿ ಎರಡು ಜೀಪು ಮಾಡಿಕೊಂಡು ಪಾರ್ಕಿಗೆ ಹೋಗಿ ಬಂದರು.