ನೋಣಯ್ಯನವರ ಡ್ಯೂಕ್ ಸಪೂರವಾದದ್ದು

ಹಂಪನಕಟ್ಟೆಯಲ್ಲಿ ಕೊಡೆ ಅಂಗಡಿ ಇಟ್ಟಿದ್ದ ನೋಣಯ್ಯನವರಿಗೆ ಮಳೆಗಾಲದಲ್ಲಿ ವ್ಯಾಪಾರವಿತ್ತು, ಗತ್ತು ಮಾತ್ರ ವರ್ಷವಿಡೀ ಇತ್ತು. ಮೂವತ್ತಾರನೇ ಇಸವಿಯಲ್ಲಿ ಹಂಚಿನ ಕಾರ್ಖಾನೆಯ ಬಿಳಿ ದೊರೆಯೊಬ್ಬ ಇಂಗ್ಲೆಂಡಿಗೆ ಹಡಗು ಹತ್ತುವಾಗ ತನ್ನ ನಾಯಿ ಡ್ಯೂಕನನ್ನು ಅವರಿಗೆ ಬಿಟ್ಟುಹೋದ. ಅಂದಿನಿಂದ ಆ ಗತ್ತಿಗೆ ನಾಲ್ಕು ಕಾಲು ಬಂದವು.

ಬರಬರುತ್ತಾ ಡ್ಯೂಕ್ ಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಯಂತೆ ಉರುಟಾದ. ತಿನ್ನುವುದು ಅಷ್ಟಕ್ಕಷ್ಟೇ, ಮೈ ಮಾತ್ರ ಬೆಳೆಯುತ್ತಿತ್ತು. ಓಡುವುದಿಲ್ಲ, ಬೊಗಳುವುದಿಲ್ಲ, ಏಪ್ರಿಲಿನ ಸೆಖೆಯಲ್ಲೂ ಒಲೆಯ ಬುಡವೇ ಬೇಕು. ಬಾಲದ ಕೂದಲುದುರಿ ಅದು ಇಲಿಯ ಬಾಲದಂತಾಗಿತ್ತು.

"ದೊಡ್ಡ ಮನೆತನದ ನಾಯಿ ಮಾರಾಯ, ಸಿಕ್ಕಿದವರಿಗೆಲ್ಲ ಬೊಗಳುವುದಿಲ್ಲ" ಎಂದು ನೋಣಯ್ಯನವರು ಗಿರಾಕಿಗಳಿಗೆ ಹೇಳುವರು.

ಹೆಂಡತಿ ದೇಯಿ ಒಪ್ಪಲಿಲ್ಲ. "ನಿಮ್ಮ ಮನೆತನ ಅಲ್ಲಿರಲಿ. ಅದಕ್ಕೆ ಎಂತದೋ ಸೀಕು ಉಂಟು" ಎಂದು ಗಂಡನನ್ನೂ ನಾಯಿಯನ್ನೂ ಜಟಕಾ ಹತ್ತಿಸಿ ದನದ ಡಾಕ್ಟರು ಅಲ್ಫೋನ್ಸರಲ್ಲಿಗೆ ಕರೆದೊಯ್ದಳು.

ಡಾಕ್ಟರು ನಾಯಿಯ ಮೈ ತಡವಿ ನೋಡಿದರು. "ಕುತ್ತಿಗೆಯಲ್ಲಿ ಒಂದು ಗ್ರಂಥಿ ಉಂಟಮ್ಮ, ಮೈಯನ್ನು ಚುರುಕಾಗಿಡುವುದು ಅದರ ಕೆಲಸ. ಇವನದ್ದು ಸೋತಿದೆ. ಕುರಿಯ ಅದೇ ಗ್ರಂಥಿ ಒಣಗಿಸಿದ ಮಾತ್ರೆ ಕೊಡ್ತೇನೆ. ಬದುಕಿರುವಷ್ಟು ದಿನ ಕೊಡಬೇಕು."

"ಇಂಗ್ಲೆಂಡಿನ ನಾಯಿಗೆ ಕುರಿಯ ಕುತ್ತಿಗೆ ಮದ್ದಾ?" ಎಂದು ನೋಣಯ್ಯನವರು ಗೊಣಗಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಡ್ಯೂಕ್ ಸಪೂರವಾದ. ಕೂದಲು ಬಂತು, ಗಂಟಲೂ ಬಂತು. ಒಂದು ಬೆಳಿಗ್ಗೆ ಕುದ್ರೋಳಿಯ ಬೀದಿನಾಯಿಗಳ ಜೊತೆ ಸೇರಿ ಮೀನಿನ ವ್ಯಾಪಾರಿ ಉಮರಬ್ಬನ ಬುಟ್ಟಿಗೇ ಬಾಯಿ ಹಾಕಿದ.

ಉಮರಬ್ಬ ಅಂಗಡಿಗೇ ಬಂದ. "ನೋಣಯ್ಯಣ್ಣ, ನಿಮ್ಮ ದೊರೆ ನನ್ನ ಬಂಗುಡೆ ಕದ್ದ! ಆದರೂ ಒಳ್ಳೆದಾಯ್ತು, ಈಗ ನಾಯಿಯ ಹಾಗೆ ಕಾಣ್ತಾನೆ."

ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಅಂದೇ ಮಾತ್ರೆಯ ಕುಪ್ಪಿ ಕಾಣೆಯಾಯಿತು. ದೇಯಿ ಮನೆಯೆಲ್ಲ ಹುಡುಕಿದಳು. ಜೊತೆಗೆ ನೋಣಯ್ಯನವರೂ ಹುಡುಕಿದರು, ಕಪಾಟಿನ ಮೇಲೊಂದು ಬಿಟ್ಟು.

ಡ್ಯೂಕ್ ಮತ್ತೆ ಒಲೆಯ ಬುಡ ಸೇರಿದ. ಗಾಂಭೀರ್ಯ ಮರಳಿತೆಂದು ಯಜಮಾನರು ಹಿಗ್ಗಿದರು. ಆದರೆ ಒಂದು ಸಂಜೆ ಅವರು ಮನೆಗೆ ಬಂದಾಗ, ನಾಯಿ ಎದುರು ಬರಲು ಎದ್ದು, ಕಾಲು ಜಾರಿ ಕುಸಿಯಿತು. ಬಿದ್ದಲ್ಲೇ ಬಾಲವನ್ನಷ್ಟೇ ಅಲ್ಲಾಡಿಸಿತು. ನೋಣಯ್ಯನವರು ಅಂಗಿ ಬದಲಿಸುವ ಮೊದಲೇ ಸ್ಟೂಲು ಹತ್ತಿ ಕುಪ್ಪಿ ಇಳಿಸಿದರು. ದೇಯಿ ನೋಡಿಯೂ ನೋಡದವಳಂತೆ ಸಾರಿಗೆ ಒಗ್ಗರಣೆ ಹಾಕಿದಳು.

ನಾಯಿ ಪುನಃ ಚೇತರಿಸಿಕೊಂಡಿತು. "ಆ ಗಂಭೀರದ ನಾಯಿ ಎಲ್ಲಿ?" ಎಂದು ಯಾರೋ ಕೇಳಿದರು.

"ಅದನ್ನು ಮದ್ರಾಸಿಗೆ ಕಳಿಸಿದ್ದೇನೆ. ಇದು ಅದರ ತಮ್ಮ" ಎಂದರು ನೋಣಯ್ಯನವರು. ಅಷ್ಟರಲ್ಲಿ ತಮ್ಮ ಹೊಸ ಕೊಡೆಯೊಂದರ ಹಿಡಿಯನ್ನು ಅಗಿದು ಮುಗಿಸಿದ್ದ.