ಅವ್ವನಿಗೆ ನಾನು ಕೊಟ್ಟ ಮಾತ್ರೆ

ಅವ್ವನಿಗೆ ಉಸಿರು ಕಟ್ಟಿದ್ದು ಗುಂಡ್ಲುಪೇಟೆ ಮಂಡಿಯ ಈರುಳ್ಳಿ ಧೂಳಿನಿಂದ ಎಂದು ನೆಂಟರೆಲ್ಲ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವತ್ತು ಅವಳಿಗೆ ಮಂಡಿ ಕೆಲಸಕ್ಕೆ ರಜೆ, ಮನೆಯಲ್ಲೇ ಇದ್ದಳು. ಧೂಳು ಎಲ್ಲಿಂದ ಬಂತು?

ಆ ಬೆಳಿಗ್ಗೆ ಆಸ್ತಮಾದ ಪಂಪ್ ಎಳೆದುಕೊಂಡ ಮೇಲೆ ಅವಳ ಕೈ ನಡುಗುತ್ತಿತ್ತು. "ಎದೆ ಡವಡವ ಅಂತದೆ ಕಣಮ್ಮಿ" ಎಂದಳು. ಚರ್ಚಾಸ್ಪರ್ಧೆಗೆ ಮುಂಚೆ ಎದೆಬಡಿತ ತಗ್ಗಲೆಂದು ನನಗೆ ಬರೆದುಕೊಟ್ಟಿದ್ದ ಮಾತ್ರೆಗಳಲ್ಲಿ ಒಂದನ್ನು ಕೊಟ್ಟೆ.

"ನೀನ್ಯಾವಾಗ ಡಾಕ್ಟ್ರಾದೆ?" ಎಂದು ನಗುತ್ತಲೇ ನುಂಗಿದಳು.

ಎದೆಬಡಿತ ಇಳಿಯಿತು. ಆದರೆ ಸ್ವಲ್ಪ ಹೊತ್ತಿಗೆ ಉಬ್ಬಸ ಶುರುವಾಯಿತು. ಪಂಪ್ ಎಷ್ಟು ಎಳೆದರೂ ತಗ್ಗಲಿಲ್ಲ. ಕಾರು ಮಾಡಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಓಡಿದೆವು.

"ಬೇರೆ ಮಾತ್ರೆ ಏನಾದ್ರೂ ತಗೊಂಡ್ರಾ?" ಎಂದು ವೈದ್ಯರು ಕೇಳಿದರು. ಅವ್ವ ನನ್ನತ್ತ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ನಾನು ತಡೆಯಲಾರದೆ ವೈದ್ಯರ ಹಿಂದೆಯೇ ಹೋಗಿ ಒಪ್ಪಿಕೊಂಡೆ. ಅವರು ಬಿಡಿಸಿ ಹೇಳಿದರು.

ಪಂಪಿನ ಔಷಧಿ ಶ್ವಾಸನಾಳದ ಗ್ರಾಹಕಗಳಲ್ಲಿ, ಅಂದರೆ ಔಷಧಿಯನ್ನು ಹಿಡಿದುಕೊಳ್ಳುವ ತಾಣಗಳಲ್ಲಿ, ಕೂತರೆ ನಾಳ ಅಗಲವಾಗುತ್ತದೆ, ಹೃದಯದಲ್ಲಿ ಕೂತರೆ ಬಡಿತ ಏರುತ್ತದೆ. ನನ್ನ ಮಾತ್ರೆ ಎರಡೂ ಕಡೆ ಸಂತೆಮರಹಳ್ಳಿ ಬಸ್ಸಿನ ಸೀಟಿಗೆ ಕಿಟಕಿಯಿಂದ ಎಸೆದ ಟವೆಲಿನಂತೆ ಬಿದ್ದಿತ್ತು: ತಾನು ಕೆಲಸ ಮಾಡದು, ಪಂಪಿನ ಔಷಧಿಗೆ ಜಾಗ ಬಿಡದು. ವೈದ್ಯರು ಬೇರೆ ಬಗೆಯ ಗ್ರಾಹಕಗಳ ಮೇಲೆ ಕೆಲಸ ಮಾಡುವ ಔಷಧಿ ಕೊಟ್ಟ ಮೇಲೆ ಉಸಿರು ಮೆಲ್ಲಗೆ ಮರಳಿತು.

ಈರುಳ್ಳಿ ಧೂಳಿನ ಕತೆ ಕಟ್ಟಿದವಳು ಅವ್ವನೇ. ನೆಂಟರ ಮುಂದೆ ಅದನ್ನೇ ಹೇಳುತ್ತಾಳೆ. ಅವರು ಹೋದ ಮೇಲೆ ಪ್ರತಿ ಸಲವೂ ಕೇಳುತ್ತೇನೆ: "ನನ್ನನ್ನ ಯಾರಾದ್ರೂ ಬಯ್ತಾರೆ ಅಂತ ಜೀವಾನೇ ಬುಟ್ಬುಡ್ತಿದ್ಯೇನವ್ವ?"